ಮ ಅಂದರೋ ಪ ಅಂದರೋ

ಹತ್ತಿ ಹಂಚುತ್ತಿದ್ದಾರೆ, ಅಯ್ಯೋ ಶಿವನೇ ಹತ್ತಿ, ಬಂದಿರುವ ಹಾಡಿನ ಟೀಚರುಗಳಿಗೆಲ್ಲ ಎರಡೆರಡು ಉಂಡೆ — ತರಬೇತಿ ಕೊಡುವಾಕೆ ಮುಂದಿನ ಸಾಲಿನಿಂದ ನಗುನಗುತ್ತಾ ಬರುತ್ತಿದ್ದಾರೆ, ಏನೋ ಹೇಳುತ್ತಿದ್ದಾರೆ, ಆ ಕಡೆ ತಿರುಗಿದರೆ ಬರೀ ಜಡೆ ಕಾಣುತ್ತದೆ, ಜಡೆ ಏನು ಮಣ್ಣು ಮಾತಾಡುತ್ತದೆ, ಈ ಕಡೆ ತಿರುಗಮ್ಮ ತಾಯಿ, ತಿರುಗಿದರು, ತುಟಿ ಸಿಕ್ಕಿತು, ಕಿವಿ ಕೇಳದ ಮಗು ನಮ್ಮ ಕ್ಲಾಸಲ್ಲಿ ಕೂತ್ರೆ ಅದಕ್ಕೆ ಹೇಗಿರುತ್ತೆ ಅಂತ ನಾವೂ ಸ್ವಲ್ಪ ನೋಡೋಣ, ಹತ್ತಿ ಇಟ್ಕೊಳ್ಳಿ, ಮೆಲ್ಲಗೆ ಹೇಳ್ತೀನಿ, ಹೇಳಿದ್ದು ಮಾಡಿ. ಎಲ್ಲರೂ ಹುಡುಗಾಟದ ಹಾಗೆ ತುರುಕಿಕೊಂಡರು, ಅವಳೂ ತುರುಕಿಕೊಂಡಳು, ಏನೂ ವ್ಯತ್ಯಾಸ ಆಗಲಿಲ್ಲ, ಎರಡು ವರ್ಷದಿಂದ ಕಿವಿಯೊಳಗೆ ತಾನೇ ಬೆಳೆಯುತ್ತಿರುವ ಹತ್ತಿಯ ಮೇಲೆ ಇದೊಂದು. ಪಕ್ಕದಲ್ಲಿ ಹೆಡ್‌ಮೇಡಂ, ಅವರು ಹಾಡಿನವರಲ್ಲ, ಸುಮ್ಮನೆ ನೋಡಲು ಬಂದವರು, ಈ ತರಬೇತಿ ಮುಗೀಲಿ, ನಿಮ್ಮನ್ನ ಖಾಯಂ ಮಾಡೋ ಮಾತಾಡೋಣ ಅಂತ ಬೆಳಿಗ್ಗೆ ವ್ಯಾನಿನಲ್ಲೇ ಅಂದಿದ್ದಾರೆ, ಖಾಯಂ, ಎಷ್ಟು ವರ್ಷ ಕಾದ ಮಾತು, ಅದನ್ನೂ ಎರಡು ಸಲ ಹೇಳಿಸಿಕೊಳ್ಳಬೇಕಾಯಿತು, ಸಂತೋಷಕ್ಕೆ ಕೇಳಿದಳು ಅಂದುಕೊಂಡರು ಪಾಪ. ಕಿವುಡಿಯನ್ನು ಯಾರು ಹಾಡಿನ ಟೀಚರ್ ಅಂತ ಖಾಯಂ ಮಾಡುತ್ತಾರೆ.

ಗೊತ್ತಿರುವುದು ಮಗಳೊಬ್ಬಳಿಗೆ, ಮೊನ್ನೆ ಅವಳು ಅಮ್ಮಾ ಹಸಿವು ಅಂದರೆ, ತಾನು ಹಸಿರು ಬೇಡ ಕಣೆ, ನೀಲಿ ಹಾಕ್ಕೋ ಅಂದಿದ್ದಳು, ಹುಡುಗಿ ನೆಲಕ್ಕೆ ಬಿದ್ದು ನಕ್ಕಳು, ಆಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು, ಬಂದಾಗ ಕಣ್ಣು ಕೆಂಪಾಗಿತ್ತು, ಸ್ಕೂಲಲ್ಲಿ ಹೇಳಮ್ಮ, ಮಷೀನ್ ಹಾಕ್ಕೋಮ್ಮ, ಹೇಳುವುದಂತೆ, ಹೇಳಿದ ಮಾರನೇ ದಿನ ಒಲೆ ಹಚ್ಚುವವರು ಯಾರು — ಇಲ್ಲ, ಹೇಗೋ ನಡೆಯುತ್ತಿದೆಯಲ್ಲ, ಕೀಬೋರ್ಡಿನ ಮೈಮೇಲೆ ಎಡಗೈ ಒತ್ತಿಟ್ಟರೆ ಸ್ವರ ಮೊಣಕೈವರೆಗೆ ಜುಮ್ಮೆಂದು ಹತ್ತುತ್ತದೆ, ಕ್ಲಾಸಲ್ಲಿ ಯಾರು ಅಪಸ್ವರ ಹಾಡಿದರೂ ಪಕ್ಕದವರ ಮುಖ ಹುಳಿಯಾಗುತ್ತದೆ, ಆ ಹುಳಿ ಮುಖ ಹಿಡಿದೇ ತಿದ್ದುತ್ತಾಳೆ, ನಮ್ಮ ಟೀಚರ್ ಕಿವಿ ಎಂಥಾ ಚುರುಕು ಅಂತ ಮಕ್ಕಳು ಹೆದರುತ್ತಾರೆ. ತರಬೇತಿಯಾಕೆಯ ತುಟಿ ಆಡಿತು, ಕಿಟಕಿ ನೋಡಿ, ನೋಡಿದಳು, ಎದ್ದು ನಿಲ್ಲಿ, ನಿಂತಳು, ಉಳಿದವರೆಲ್ಲ ಆಂ ಆಂ ಅಂತ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ, ತಾನೂ ತಬ್ಬಿಬ್ಬಾಗಬೇಕಿತ್ತು, ದಡ್ಡಿ, ಕಾಲು ತಾನಾಗಿ ನಿಂತುಬಿಟ್ಟಿತು, ನಿಂತಿರುವುದು ತಾನೊಬ್ಬಳೇ, ಕೈಗಳು ಚಪ್ಪಾಳೆ ತಟ್ಟುತ್ತಿವೆ, ಹೆಡ್‌ಮೇಡಂ ತಾವೇ ಹೆತ್ತವರ ಹಾಗೆ ಬೀಗುತ್ತಿದ್ದಾರೆ. ಬನ್ನಿ ಮೇಡಂ ಮುಂದೆ, ಎಲ್ಲರೂ ಹತ್ತಿ ತೆಗೀರಿ, ಇಷ್ಟು ಗಮನ ಇರೋರ ಜೊತೇಲೇ ಪಾಠ ಶುರು ಮಾಡೋಣ, ದಿನಾ ಮಕ್ಕಳಿಗೆ ಹಾಡಿಸೋ ಶ್ರುತೀಲೇ ನಾನೊಂದು ಸ್ವರ ಹಾಡ್ತೀನಿ, ಅಲ್ಲಿಂದ ನೀವು ಎತ್ಕೊಳ್ಳಿ.

ಹತ್ತಿ ತೆಗೆದಳು, ತೆಗೆದರೂ ಅದೇ ಗುಂಯ್, ಫ್ಯಾನಿನದೋ ತಲೆಯದೋ, ಸ ಅನ್ನಲಿ ಹಲ್ಲು ಕಾಣುತ್ತದೆ, ರಿ ಅನ್ನಲಿ ತುಟಿ ಅಗಲವಾಗುತ್ತದೆ, ದೇವರೇ ಅದೊಂದು ಬೇಡ — ತುಟಿ ಮುಚ್ಚಿತು, ತೆರೆಯಿತು, ಅಗಲಕ್ಕೆ ನಿಂತಿತು. ಮ ಅಂದರೋ ಪ ಅಂದರೋ, ಎರಡಕ್ಕೂ ಹೀಗೇ ಮುಚ್ಚಬೇಕು, ಹೀಗೇ ತೆರೆಯಬೇಕು, ಕಿವಿ ಇರುವವರಿಗೆ ಹಗಲು ರಾತ್ರಿಯಷ್ಟು ಬೇರೆ, ಕೈ ಒತ್ತಲು ಕೀಬೋರ್ಡ್ ಇಲ್ಲ, ಮುಖಗಳಲ್ಲಿ ಹುಳಿ ಇಲ್ಲ, ಎಲ್ಲರೂ ಸುಖವಾಗಿ ಕೇಳಿ ಕೂತಿದ್ದಾರೆ, ಎರಡರಲ್ಲೊಂದು, ಕಣ್ಣು ಮುಚ್ಚಿ ಪ ಹಿಡಿದುಬಿಡಲೇ, ಸರಿಯಾದರೆ ಖಾಯಂ, ಆಮೇಲೆ ನಾಳೆ, ನಾಡಿದ್ದು, ಜೀವಮಾನವಿಡೀ ಜನರ ಬಾಯಿ ಕಾಯುತ್ತಾ, ಕಣ್ಣು ಮುಚ್ಚೀತೆಂದು ಸೀನಲೂ ಹೆದರುತ್ತಾ, ಕಿವಿಯ ಕೆಲಸ ಮಾಡಿ ಮಾಡಿ ಕಣ್ಣು ಸೋತು ಉರಿಯುತ್ತಿವೆ, ಆಕೆ ಮತ್ತೆ ಹಾಡುತ್ತಿದ್ದಾರೆ, ತುಟಿ ಮುಚ್ಚಿತು, ತೆರೆಯಿತು, ಸಾಕು, ಸಾಕಾಯಿತು —

ನನಗೆ ಕೇಳಿಸೋದಿಲ್ಲ ಮೇಡಂ. ಕಿವಿ ಕೇಳಿಸೋದಿಲ್ಲ.

ಎಷ್ಟು ಜೋರಾಗಿ ಅಂದಳೋ ತಿಳಿಯದು, ತರಬೇತಿಯಾಕೆಯ ಕೈ ಗಾಳಿಯಲ್ಲೇ ನಿಂತಿದೆ, ತಮಾಷೆ ಅಂದುಕೊಂಡ ಯಾರೋ ನಕ್ಕರು, ಹೆಡ್‌ಮೇಡಂ ಕುರ್ಚಿ ಹಿಂದೆ ತಳ್ಳಿ ಏಳುತ್ತಿದ್ದಾರೆ, ಬರುತ್ತಿದ್ದಾರೆ, ಹತ್ತಿರ, ಅವರಿಗೆ ಹೇಳುವುದೇನೋ ಇದೆ, ಅವರ ಕಣ್ಣು ನೋಡಬಾರದು, ತುಟಿ ನೋಡಬೇಕು, ತುಟಿ ಮುಚ್ಚಿದೆ, ಪರವಾಗಿಲ್ಲ ಅನ್ನುವುದಕ್ಕೂ ಮೊದಲು ಹೀಗೇ ಮುಚ್ಚಬೇಕು, ಮೋಸ ಅನ್ನುವುದಕ್ಕೂ ಹೀಗೇ, ಪರವಾಗಿಲ್ಲ, ಮೋಸ, ಮುಚ್ಚಿದೆ, ತುಟಿ ಇನ್ನೂ ಮುಚ್ಚಿಯೇ ಇದೆ