ಹುಣಸೆಹಣ್ಣಿನ ಚೀಟಿ

ಜೇವರ್ಗಿ ಕಾಲೋನಿಯ ಬಾಡಿಗೆ ಮನೆಯಲ್ಲಿ ಸುಜಾತಾ ಫ್ರೀಜರಿನ ಮೂಲೆಗೆ ಒಂದು ಪೊಟ್ಟಣ ತುರುಕಿ, ಮೇಲೆ ಬಟಾಣಿ ಚೀಲ ಇಟ್ಟಳು. ಪೊಟ್ಟಣಕ್ಕೆ ‘ಹುಣಸೆಹಣ್ಣು’ ಎಂದು ಬರೆದ ಚೀಟಿ. ಒಳಗಿದ್ದದ್ದು ಒಣಖಂಡ. ಮೈದುನನ ಹೆಂಡತಿ ಕಾವೇರಿ ಕಮಲಾಪುರದಲ್ಲಿ ಮಾಂಸಕ್ಕೆ ಉಪ್ಪು, ಅರಿಶಿನ ಹಚ್ಚಿ, ಮಾಳಿಗೆಯ ಹಗ್ಗದ ಮೇಲೆ ಒಣಗಿಸಿ, ಬಿಳಿ ಬಟ್ಟೆಯಲ್ಲಿ ಹೊಲಿದು ಪ್ರತಿ ಬೇಸಿಗೆಗೆ ಕಳಿಸುತ್ತಿದ್ದಳು.

ಐಸ್ ಕೇಳಿಕೊಂಡು ಬರುವ ಪಕ್ಕದ ಮನೆಯವರು ಮಾಂಸ ಕಂಡು ಏನೆಂದುಕೊಂಡಾರೋ ಎಂದು ಅಂಜಿ ಬರೆದ ಚೀಟಿ ಅದು. ಅದೇ ಅಂಜಿಕೆಗೆ ಸುಜಾತಾ ಕಿಟಕಿ ಮುಚ್ಚಿಯೇ ಬೇಯಿಸುತ್ತಿದ್ದಳು. ಹೋದ ವರ್ಷ ಹಾಗೆ ಬೆವತು ಮಾಡಿದ್ದನ್ನು ಗಂಡ ಕಪಿಲ ರೊಟ್ಟಿಗೆ ಹಚ್ಚಿಕೊಂಡು, “ಏನರ ಅನ್ನು, ಕಾವೇರಿ ಕೈ ರುಚಿನ ಬ್ಯಾರೆ” ಎಂದುಬಿಟ್ಟ. ಬೆವತವಳು ಇವಳು, ಹೆಸರು ಅವಳದು! ಸುಜಾತಾಳ ಹೊಟ್ಟೆ ಉರಿಯಿತು. ಶಾಲೆಯ ಟೀಚರಾದ ತಾನು ಸ್ವಂತ ಊಟಕ್ಕೆ ಕಿಟಕಿ ಹಾಕಬೇಕು, ಅವಳು ಊರೆಲ್ಲ ನೋಡುವಂತೆ ಬಿಸಿಲಿಗೆ ಹರವುತ್ತಾಳೆ.

ಈ ವರ್ಷ ಕಪಿಲ ಕೇಳಿದಾಗ, “ಅವರು ಕಳಿಸಿಲ್ರಿ” ಎಂದಳು.

“ಮರ್ತಿರಬೇಕು ಬಿಡು” ಎಂದ ಅವನ ಮುಖ ಸಣ್ಣದಾಯಿತು. ತಾನು ಅವರಿಗೆ ಬೇಡವಾದೆನೆಂದುಕೊಂಡು, ಆಮೇಲೆ ತಮ್ಮ ಗೌತಮನಿಗೆ ಫೋನು ಮಾಡುವುದನ್ನೇ ಬಿಟ್ಟ. ತಮ್ಮನ ಮಗಳಿಗೆ ಹೆಸರಿಡುವ ತೊಟ್ಟಿಲ ಕಾರ್ಯಕ್ಕೂ ಹೋಗಲಿಲ್ಲ. ತಪ್ಪು ತನ್ನದೆಂದು ಗೊತ್ತಿದ್ದೂ ಸುಜಾತಾ ಬಟಾಣಿ ಚೀಲ ಸರಿಸಲಿಲ್ಲ.

ಮಳೆಗಾಲದ ಒಂದು ರವಿವಾರ ಕೂಸನ್ನು ಎತ್ತಿಕೊಂಡು, ಒಣಖಂಡದ ಇನ್ನೊಂದು ಪೊಟ್ಟಣ ಹಿಡಿದು ಕಾವೇರಿಯೇ ಬಂದಳು. ಕಪಿಲ ಕಾಯಿಪಲ್ಲೆ ತರಲು ಹೋಗಿದ್ದ.

“ಅಕ್ಕಾ, ಮಳಿಗಾಲದಾಗ ನಮ್ಮಲ್ಲಿ ಹುಳ ಬೀಳ್ತಾವ್ರಿ. ಇದನ್ನೂ ನಿಮ್ಮ ಫ್ರಿಜ್‌ನಾಗ ಇಡ್ತೀನಿ” ಎಂದು ಫ್ರೀಜರ್ ತೆಗೆದು ಬಟಾಣಿ ಚೀಲ ಸರಿಸಿದಳು. ತಾನೇ ಹಾಕಿದ ಹೊಲಿಗೆ ಗುರುತು ಸಿಗದೇ? ಚೀಟಿ ಓದಿ ತಿರುಗಿದಳು.

“ನಿಮಗ ಸೇರ್ಲಿಲ್ಲೇನ್ರಿ ಅಕ್ಕಾ?”

“ನಿಮ್ಮ ಕೈ ರುಚಿ ಅವರಿಗೆ ಭಾಳ ಸೇರ್ತದ. ಅದಕ್ಕ ಮುಚ್ಚಿಟ್ಟೆ. ನೀವು ಕಳಿಸಿಲ್ಲಂತ ಸುಳ್ಳು ಹೇಳೀನಿ.”

ಕಾವೇರಿ ಚೀಟಿಯನ್ನು ಇನ್ನೊಮ್ಮೆ ಓದಿದಳು.

“ಅದಕ್ಕ ಭಾವ ತೊಟ್ಟಿಲಿಗೆ ಬರಲಿಲ್ಲ! ನಿಮ್ಮ ನೌಕರಿ, ನಿಮ್ಮ ಫ್ರಿಜ್ ನೋಡಿ ನಾನೂ ಹೊಟ್ಟಿ ಉರ್ಕೊಂಡೀನ್ರಿ ಅಕ್ಕಾ. ಆದ್ರ ಅಣ್ಣ-ತಮ್ಮನ್ನ ಬ್ಯಾರೆ ಮಾಡ್ಲಿಲ್ಲ.”

ಸುಜಾತಾ ಪೊಟ್ಟಣ ಹೊರತೆಗೆದಳು. ಚೀಟಿ ಕಿತ್ತು ಒಲೆಯ ಪಕ್ಕ ಇಟ್ಟಳು. ಖಂಡವನ್ನು ಬಿಸಿನೀರಿನಲ್ಲಿ ನೆನೆಹಾಕಿ, ಅಡುಗೆಮನೆಯ ಎರಡೂ ಕಿಟಕಿ ತೆರೆದು ಒಗ್ಗರಣೆ ಕೊಟ್ಟಳು. ಘಾಟಿಗೆ ಪಕ್ಕದ ಮನೆಯವರು ಇಣುಕಿದರು.

“ಏನ್ ಮಾಡಾಕತ್ತೀರಿ ಟೀಚರ್?”

ಸುಜಾತಾ ಕಿಟಕಿಯತ್ತ ತಿರುಗಿದಳು. ಧ್ವನಿ ಗಟ್ಟಿಯಾಗಿಯೇ ಬಂತು. “ಒಣಖಂಡ್ರಿ. ನಮ್ಮ ಕಾವೇರಿ ಕಳಿಸಿದ್ದು.”

ಹಿಂದೆ ಕೈಚೀಲ ಹಿಡಿದು ಕಪಿಲ ನಿಂತಿದ್ದ.

“ಕಳಿಸಿಲ್ಲಂದಿದ್ದಿ?”

“ಬ್ಯಾಸಗ್ಯಾಗನ ಕಳಿಸಿದ್ರು. ನಾನ ಮುಚ್ಚಿಟ್ಟಿದ್ದೆ.”

ಕಪಿಲ ಒಲೆಯ ಪಕ್ಕದ ಚೀಟಿ ಓದಿದ. ಆಮೇಲೆ ಚೀಲ ಕೆಳಗಿಟ್ಟು, ಕಾವೇರಿಯಿಂದ ಕೂಸನ್ನು ತೆಗೆದುಕೊಂಡ.

“ಏನ್ ಹೆಸರಿಟ್ಟೀರವ್ವಾ ಇದಕ್ಕ?” ಎಂದು ಕೇಳಿದ.