ಖಾಕಿ ಚೀಲ ಹೊತ್ತ ಬಟಾಣಿ

ಹಿಂಗಾರಿ ಜೋಳದ ಬಿತ್ತನೆ ನಡೆದಿತ್ತು. ರಾಣೆಬೆನ್ನೂರಿನ ಸುತ್ತಲಿನ ಎರೆಹೊಲಗಳಲ್ಲಿ ಕೂರಿಗೆಗಳು ಸಾಗುತ್ತಿದ್ದ ಒಂದು ಬೆಳಿಗ್ಗೆ, ಊರಂಚಿನ ಮನೆಯ ಪಡಸಾಲೆಯಲ್ಲಿ, ಹೊಲಿಗೆ ಯಂತ್ರದ ಸೂಜಿಯ ಕೆಳಗೆ ನಾನು ಹುಟ್ಟಿದೆ. ನಾನು ಒಂದು ಚೀಲ. ಗುರುಶಾಂತ ಲಾರಿ ಓಡಿಸುತ್ತಿದ್ದ ಕಾಲದ ಖಾಕಿ ಪ್ಯಾಂಟಿನ ಒಂದು ಕಾಲು ನನ್ನ ಮೈ. ಅವನ ಅಕ್ಕ ನೀಲಗಂಗಾ ಅದರ ಒಂದು ತುದಿ ಹೊಲಿದು, ಇನ್ನೊಂದಕ್ಕೆ ಗುಂಡಿ ಹಚ್ಚಿ, ಹೊಟ್ಟೆಗೆ ಹುರುಳಿ ತುಂಬಿದಳು.

ಗುರುಶಾಂತ ಓಡಿಸುವ ಬಂಡಿಯ ಕಿಟಕಿಯ ಅಂಚಿನ ಮೇಲೆ ಕೂರುವುದೇ ನನ್ನ ಕೆಲಸ. ಕ್ಯಾಮೆರಾದ ಉದ್ದ ಮೂತಿ ನನ್ನ ಮೇಲೆ ಒರಗಿದರೆ ಕಾಳುಗಳು ಸರಿದು ಅದಕ್ಕೆ ಜಾಗ ಕೊಡುತ್ತವೆ. ಆಮೇಲೆ ಅದು ಅಲುಗುವುದಿಲ್ಲ.

"ಮಂದಿ ನೋಡಿದ್ರ ಡ್ರೈವರನ ಕಾಲು ಕಿಡಕಿ ಹೊರಗ ಬಿದ್ದೈತಿ ಅಂತಾರ" ಎಂದ ಗುರುಶಾಂತ.

"ಈಗರೆ ಆ ಕಾಲು ಒಂದು ಕಡೆ ಸುಮ್ಮನ ಕುಂದರ್ಲಿ" ಎಂದಳು ಅಕ್ಕ.

ನೀಲಗಂಗಾ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು; ಕಾಡುಪ್ರಾಣಿಗಳ ಪಟ ತೆಗೆಯುವುದು ಆಕೆಯ ಹುಚ್ಚು. ಮೊದಲ ವರ್ಷಗಳಲ್ಲಿ ನಾನು ಹೊರಗೆ ನೋಡಿದ್ದೆಲ್ಲ ನಮ್ಮ ಸೀಮೆಯ ಕೃಷ್ಣಮೃಗಗಳನ್ನೇ. ಅವು ಹೊಲ ದಾಟುವಾಗ ಆಕೆ ಉಸಿರು ಬಿಗಿಹಿಡಿಯುತ್ತಿದ್ದಳು. ನನ್ನ ಮೇಲೆ ಬಾಗಿದ ಆ ಎದೆಯ ಏರಿಳಿತ ನಿಂತದ್ದು ನನಗೆ ತಿಳಿಯುತ್ತಿತ್ತು. ಅಷ್ಟು ತಾಳ್ಮೆಯ ಮನುಷ್ಯರನ್ನು ನಾನು ಬೇರೆ ಕಂಡಿಲ್ಲ.

ಆಮೇಲೆ ಗುರುಶಾಂತ ಹಳೆಯ ಟೆಂಪೊ ಒಂದನ್ನು ಕೊಂಡು, ಒಳಗೆ ಎರಡು ಮಂಚ, ಒಂದು ಗ್ಯಾಸ್ ಒಲೆ ಕೂರಿಸಿದ. ಮಳೆಗಾಲ ಹಿಂದೆಗೆಯುತ್ತಲೇ ಅಕ್ಕ ತಮ್ಮ ಇಬ್ಬರೂ ಹಿಮಾಲಯದ ಸ್ಪಿತಿ ಕಣಿವೆಗೆ ಹೊರಟರು. ದಾರಿಯಲ್ಲಿ ಯಾರೋ ಕಿಟಕಿ ಮುಚ್ಚಲು ಮರೆತು, ನಾನು ಮಳೆಯಲ್ಲಿ ನೆನೆದೆ. ಮರುದಿನಕ್ಕೆ ಹೊಟ್ಟೆಯೊಳಗಿನ ಹುರುಳಿ ಮೊಳಕೆಯೊಡೆದಿತ್ತು. ಗುರುಶಾಂತ ನನ್ನನ್ನು ಬೋಗುಣಿಗೆ ಸುರಿದು ಉಸುಳಿ ಮಾಡಿದ. ಬರಿಹೊಟ್ಟೆಯಲ್ಲೇ ನಾನು ಪರ್ವತಗಳನ್ನು ಏರಿದೆ.

ಕಣಿವೆಯಲ್ಲಿ ಪಾಪ್ಲಾರ್ ಮರಗಳು ಅರಿಸಿನದ ಬಣ್ಣಕ್ಕೆ ತಿರುಗಿದ್ದವು. ರಸ್ತೆ ಬದಿಯ ಮನೆಯೊಂದರ ಅಂಗಳದಲ್ಲಿ ಪಲ್ಜೋಮ್ ಎಂಬ ಮುದುಕಿ ಕಪ್ಪು ಬಟಾಣಿ ಬಡಿಯುತ್ತಿದ್ದಳು. ಆಕೆ ನನ್ನ ಹೊಟ್ಟೆ ತುಂಬಿಸಿದಳು. ನೀಲಗಂಗಾ ದುಡ್ಡು ತೆಗೆದರೆ ಮುದುಕಿ ಆಕೆಯ ಕೈ ಮಡಚಿಬಿಟ್ಟಳು. ತನ್ನ ಲಾರಿ ಕಾಲದ ಹಿಂದಿಯಲ್ಲಿ ಗುರುಶಾಂತ ವಿಚಾರಿಸಿದ.

"ರೊಕ್ಕ ಬ್ಯಾಡಂತ. ಒಂದು ಕೊಂಬು ಮುರದ ಕಾಡುಮೇಕೆ ಐತಂತ. ವರ್ಷಾ ಬಟಾಣಿ ಹಣ್ಣಾದಾಗ ಬಂದು ಮೇಯತಿತ್ತಂತ. ಈಕಿ ಕಲ್ಲು ಒಗಿಯಾಕಿ, ಅಂವ ಗುರುಗುಟ್ಟಾಂವ. ಈ ವರ್ಷ ಬಂದಿಲ್ಲಂತ."

"ಅದಕ್ಕ?"

"ಸತ್ತೈತೇನು ಬದುಕೈತೇನು, ತಿಳಿಬೇಕಂತ. ಮೊಣಕಾಲು ನೋವು, ಗುಡ್ಡಾ ಹತ್ತಾಕ ಆಗೂದಿಲ್ಲ. ಕಂಡ್ರ ಪಟಾ ತಗದು ತೋರಸ್ರಿ, ಅದ ನನ್ನ ಬಟಾಣಿ ರೊಕ್ಕ ಅಂತಾಳ."

"ತೋರಸ್ತೀನಿ ಅಂತ ಹೇಳು" ಎಂದಳು ನೀಲಗಂಗಾ.

ಅಂದಿನಿಂದ ಕಣಿವೆಯ ದಾರಿಗಳನ್ನೆಲ್ಲ ಸುತ್ತಿದೆವು. ಬಂಡೆಯ ಬಣ್ಣದ ನೀಲಿಕುರಿಗಳು ನೆಟ್ಟಗಿನ ಕೊರಕಲಿನಲ್ಲಿ ಓಣಿಯಲ್ಲಿ ಅಡ್ಡಾಡಿದಂತೆ ನಡೆಯುತ್ತಿದ್ದವು. ಕೆಂಪು ನರಿಯೊಂದು ಬಾಲವನ್ನು ಮೈಗೆ ಹೊದ್ದು ಮೈಲಿಗಲ್ಲಿನ ಪಕ್ಕ ಮಲಗಿತ್ತು. ಆದರೆ ಪಟಗಳು ಮಸುಕಾಗುತ್ತಿದ್ದವು. ತಪ್ಪು ನನ್ನದಲ್ಲ. ಗುರುಶಾಂತ ಎಂಜಿನ್ ಆರಿಸುತ್ತಿರಲಿಲ್ಲ. ಅದರ ನಡುಕ ಕಿಟಕಿಗೆ ಬಂದು, ನನ್ನೊಳಗಿನ ಒಂದೊಂದು ಕಾಳಿಗೂ ತಾಗುತ್ತಿತ್ತು.

"ಬಂದ್ ಮಾಡೋ. ಕ್ಯಾಮೆರಾ ನಡಗಾಕತ್ತೈತಿ."

"ಸ್ವೆಟರ್ ಹಾಕು ಅದಕ್ಕ. ಈ ಥಂಡಿಯೊಳಗ ಡೀಸೆಲ್ ತುಪ್ಪ ಆಗತೈತಿ, ಯಕ್ಕಾ. ಆರಿಸಿದ್ರ ಮತ್ತ ಹತ್ತೂದಿಲ್ಲ. ಇಲ್ಲೇ ಇರೂದೇನು ನಾವು?"

ಅವನ ಮಾತಿನಲ್ಲೂ ಹುರುಳಿತ್ತು. ಕಣಿವೆಯ ತಲೆಯಲ್ಲಿನ ಘಾಟಿ ಹಿಮ ಬಿದ್ದೊಡನೆ ಮುಚ್ಚುತ್ತದೆ. ಊರಿಗೆ ಅದೇ ಹತ್ತಿರದ ದಾರಿ. ಮತ್ತೊಂದು ದಾರಿ ಪಲ್ಜೋಮಳ ಊರಿನ ಮೇಲೆ ಹಾದು, ಕಲ್ಲುರುಳುವ ಕಮರಿಗಳಲ್ಲಿ ದಿನಗಟ್ಟಲೆ ಸುತ್ತುತ್ತದೆ.

ಮೋಡ ಕಟ್ಟಿದ ಒಂದು ಬೆಳಿಗ್ಗೆ, ಕಾಡುಮೇಕೆಯ ಆಸೆ ಬಿಟ್ಟು, ಘಾಟಿಯ ಕಡೆಗೆ ಹೊರಟೆವು. ಒಂದು ತಿರುವು ದಾಟಿದೊಡನೆ ಗುರುಶಾಂತ ಬ್ರೇಕ್ ಒತ್ತಿದ. ರಸ್ತೆಯ ಮೇಲ್ಬದಿಯ ಬಂಡೆಯ ಮೇಲೆ ಆ ಮುರಿಕೊಂಬಿನವನು ನಿಂತಿದ್ದ. ಒಂದು ಕೊಂಬು ಬೆನ್ನಿನವರೆಗೆ ಬಾಗಿತ್ತು, ಇನ್ನೊಂದು ಮೋಟು. ಗಡ್ಡದಲ್ಲಿ ಮಂಜಿನ ಹರಳು. ಬೇಸಾಯ ಮುಗಿಸಿ ಬಂದ ಯಜಮಾನನಂತೆ ನಮ್ಮನ್ನು ನೋಡಿದ.

ನೀಲಗಂಗಾ ಕ್ಯಾಮೆರಾವನ್ನು ನನ್ನ ಮೇಲಿಟ್ಟಳು. ಕಾಳುಗಳು ನಡುಗುತ್ತಲೇ ಇದ್ದವು. ಈ ಸಲ ಆಕೆ ಬಂದ್ ಮಾಡು ಎನ್ನಲಿಲ್ಲ. ಕ್ಯಾಮೆರಾದಿಂದ ಕಣ್ಣು ತೆಗೆದು, ಬರಿಗಣ್ಣಿನಿಂದ ನೋಡುತ್ತ ಕುಳಿತಳು.

ಗುರುಶಾಂತ ಅಕ್ಕನ ಮುಖ ನೋಡಿದ. ಮೋಡ ನೋಡಿದ. ಕೀಲಿ ತಿರುವಿ ಎಂಜಿನ್ ಆರಿಸಿದ.

ಆಗ ಬಂದ ಆ ಮೌನ ನನಗೆ ಈಗಲೂ ನೆನಪಿದೆ. ಪಟ ನಿಚ್ಚಳವಾಗಿ ಮೂಡಿತು. ಕಾಡುಮೇಕೆ ಅವಸರವಿಲ್ಲದೆ ಬಂಡೆ ಏರಿ ಹೋಯಿತು.

ಎಂಜಿನ್ ಹತ್ತಲಿಲ್ಲ. ಗುರುಶಾಂತ ನೀರು ಕಾಸಿ ಕಾಸಿ ಡೀಸೆಲ್ ಪೈಪಿನ ಮೇಲೆ ಸುರಿದ, ಕೈ ಸುಟ್ಟುಕೊಂಡ. ಮಧ್ಯಾಹ್ನದ ಹೊತ್ತಿಗೆ ಎಂಜಿನ್ ಕೆಮ್ಮಿ ಎದ್ದಿತು. ಘಾಟಿಯ ದಾರಿ ಇನ್ನೂ ತೆರೆದೇ ಇತ್ತು. ಅವನು ಬಂಡಿಯನ್ನು ಹಿಂದಕ್ಕೆ ತಿರುಗಿಸಿದ.

"ಎಲ್ಲಿಗೋ?"

"ಘಾಟಿ ದಾಟಿದ್ರ ಈ ಪಟಾ ಯಾರಿಗೆ ತೋರಸ್ತಿ? ಬಟಾಣಿ ತಿಂದು ಓಡಿಹೋದ್ರು ಅನ್ಬೇಕೇನು ಆಕಿ?"

ಪಲ್ಜೋಮ್ ಕ್ಯಾಮೆರಾದ ಪುಟ್ಟ ಪರದೆಯನ್ನು ಮೂಗಿನ ಹತ್ತಿರ ಹಿಡಿದಳು. ಆಮೇಲೆ ತನ್ನ ಮಾತಿನಲ್ಲಿ ಏನೇನೋ ಹೇಳತೊಡಗಿದಳು.

"ಏನಂತಾಳ?" ಎಂದಳು ನೀಲಗಂಗಾ.

"ಹಿಂದಿ ಅಲ್ಲ ಇದು. ಆದ್ರ ಬೈಗುಳ ಅಂತ ಗೊತ್ತಾಗತೈತಿ. ಅಂವಗ ಬೈಯಾಕತ್ತಾಳ."

ಬೈದು ಮುಗಿಸಿ ಮುದುಕಿ ಕಣ್ಣೊರೆಸಿಕೊಂಡಳು. ಬದುಕಿದ್ದೂ ಇವನು ಯಾಕೆ ಬರಲಿಲ್ಲ ಎನ್ನುವಂತೆ ತನ್ನ ಹೊಲದ ಕಡೆ ತಿರುಗಿದಳು. ಆ ಬೇಸಿಗೆಯಲ್ಲಿ ಆಕೆಯ ಅಳಿಯ ಹೊಲದ ಸುತ್ತ ಆಳೆತ್ತರದ ತಂತಿ ಜಾಲರಿ ಹಾಕಿಸಿದ್ದ. ಅದು ಬಿಸಿಲಿಗೆ ಹೊಳೆಯುತ್ತಿತ್ತು. ಬಹಳ ಹೊತ್ತು ಅದನ್ನೇ ನೋಡಿ, ಗುರುಶಾಂತನಿಗೆ ಹಿಂದಿಯಲ್ಲಿ ಏನೋ ಕೇಳಿದಳು.

"ಕಟಿಂಗ್ ಪ್ಲೇಯರ್ ಐತೇನು ಅಂತಾಳ, ಯಕ್ಕಾ."

"ಕೊಟ್ಟು ಬಾ ಮತ್ತ."

ಗುಡ್ಡದ ಕಡೆಯ ಬೇಲಿಯಲ್ಲಿ ಒಂದು ಮೇಕೆ ನುಗ್ಗುವಷ್ಟು ಅಗಲಕ್ಕೆ ಗುರುಶಾಂತನೇ ತಂತಿ ಕತ್ತರಿಸಿದ. ಅಳಿಯ ಕೇಳಿದರೆ ಕರ್ನಾಟಕದ ಡ್ರೈವರ್ ಕತ್ತರಿಸಿದ ಅಂತ ಹೇಳುತ್ತೇನೆ ಎಂದಳಂತೆ ಮುದುಕಿ.

ಹೊರಡುವಾಗ ನೀಲಗಂಗಾ ಬಟಾಣಿ ಹಿಂದಿರುಗಿಸಲು ನನ್ನ ಗುಂಡಿ ಬಿಚ್ಚಿದಳು. ಮುದುಕಿ ತಡೆದಳು. ಪಟ ತೋರಿಸಿದ್ದಾಯಿತು, ಲೆಕ್ಕ ಚುಕ್ತಾ ಎಂದಳು. ಅಕ್ಕನಿಗೆ ಸಮಾಧಾನವಾಗಲಿಲ್ಲ. ಗುಂಡಿ ಹಾಕಿ, ನನ್ನನ್ನು ಎತ್ತಿ ಮುದುಕಿಯ ಮೊಣಕಾಲ ಮೇಲಿಟ್ಟು, ಒಲೆಯ ಹತ್ತಿರ ಬಿಸಿ ಮಾಡಿ ಹೀಗೆ ಇಟ್ಟುಕೊಳ್ಳಬೇಕೆಂದು ಕೈಸನ್ನೆ ಮಾಡಿದಳು.

"ನನ್ನ ಕಾಲು ಇಲ್ಲೇ ಬಿಟ್ಟು ಹೊಂಟಿ" ಎಂದ ಗುರುಶಾಂತ.

"ಇನ್ನೊಂದು ಮನ್ಯಾಗೈತಿ, ನಡಿ."

ಈಗ ನನ್ನ ಖಾಕಿ ಬಣ್ಣ ಹೊಗೆಗೆ ಕಪ್ಪಾಗಿದೆ. ಹೊಲಿಗೆ ಎರಡು ಕಡೆ ಬಿಟ್ಟಿದೆ. ದಿನವೂ ಒಲೆಯ ಪಕ್ಕ ಕಾಯುತ್ತೇನೆ, ಮೊಣಕಾಲಿಗೆ ಕಾವು ಕೊಡುತ್ತೇನೆ. ಲೋಕದಲ್ಲಿ ಓಡಾಡುವವರು ಬಹಳ. ಅಲುಗದೆ ಕೂತು ಒಬ್ಬರ ಭಾರ ಹೊರುವವರೂ ಬೇಕು. ನನಗೆ ಆ ಪಾಲು ಸಿಕ್ಕಿತು.

ಮೊನ್ನೆ ಬೆಳಿಗ್ಗೆ ಪಲ್ಜೋಮ್ ಕಿಟಕಿಯ ಪಕ್ಕ ಕುಳಿತು ಚಹಾ ಕುಡಿಯುತ್ತಿದ್ದಳು. ಹೊಲದ ಕಡೆಯಿಂದ ಕಲ್ಲಿಗೆ ಗೊರಸು ತಾಗಿದ ಸದ್ದು, ಹಿಂದೆಯೇ ಒಣಗಿದ ಬಟಾಣಿ ಬಳ್ಳಿ ಹರಿಯುವ ಸದ್ದು ಕೇಳಿತು. ಕಲ್ಲು ಒಗೆಯಲು ಆಕೆ ಬಟ್ಟಲನ್ನು ಕೆಳಗಿಡಲಿಲ್ಲ. ನನ್ನ ಕೆಳಗಿನ ಮೊಣಕಾಲು ಅಲುಗದಾಯಿತು. ನಾನೂ ಒಂದು ಕಾಳು ಸರಿಯಗೊಡದೆ ಕುಳಿತೆ.