ನೂಯಿ ದ್ವೀಪದ ವಿಧವೆ

ಗಂಡ ಸತ್ತ ಮರುವಾರ ಅವನ ಸಂಘದ ಮೂವರು ಗೆಳೆಯರು ಅವಳ ಮನೆಗೆ ಬಂದರು. ಬಾಗಿಲಲ್ಲೇ ನಿಂತು ಅಂಗೈಯನ್ನು ಕಿವಿಗೆ ಒತ್ತಿ "ಸಿಮು ತಲೋ" ಎಂದರು. ನೂಯಿ ದ್ವೀಪದಲ್ಲಿ ನಮಸ್ಕಾರ ಹೇಳುವುದು ಹಾಗೆ. ನೂಯಿ ಯಾವ ನಕಾಶೆಯಲ್ಲೂ ಇಲ್ಲ; ಅವಳ ಗಂಡನ ತಲೆಯಲ್ಲಿ ಹುಟ್ಟಿದ್ದು. ಭಾಷೆಯೂ ಅವನದೇ. ಅದನ್ನು ಕಲಿತವರು ಭಾನುವಾರ ಕನ್ನಡಕದ ಅಂಗಡಿಯ ಮಹಡಿಯಲ್ಲಿ ಸೇರುತ್ತಿದ್ದರು. ಒಬ್ಬನಿಗೂ ಈಜು ಬಾರದು, ಜಗಳ ಮಾತ್ರ ಅಲೆಗಳ ಬಗ್ಗೆ. ಅಂಗಡಿಯವನೇ ಸಂಘದ ಅಧ್ಯಕ್ಷ. ಮನೆಯಲ್ಲಿ ಹೆಂಡತಿಯ ಮುಂದೆ ಉಸಿರೆತ್ತದವನು ನೂಯಿ ಭಾಷೆಯಲ್ಲಿ ಗುಡುಗುತ್ತಿದ್ದ.

"ಅತ್ತಿಗೆ, ಒಂದು ವರ್ಷ ನೀವು ಮಾತಾಡೋ ಹಾಗಿಲ್ಲ," ಎಂದ ಅಧ್ಯಕ್ಷ, ಅವಳು ಕೊಟ್ಟ ನೀರು ಕುಡಿದು. "ನೂಯಿ ಪದ್ಧತಿ. ವಿಧವೆ ಪರವಾಗಿ ಗಂಡನ ಗೆಳೆಯರಲ್ಲಿ ಹಿರಿಯನಾದೋನು ಮಾತಾಡ್ತಾನೆ. ಅಂದ್ರೆ ನಾನು."

ಅವಳು ಸುಮ್ಮನಿದ್ದಳು. ವಾರದಿಂದ ಮಾತು ಒಣಗಿದ ಹಿಟ್ಟಿನಂತೆ ಬಾಯಿಗೆ ಅಂಟಿತ್ತು. ಅವರು ಅದನ್ನೇ ಒಪ್ಪಿಗೆ ಎಂದುಕೊಂಡು ತಲೆದೂಗಿದರು.

ಅಷ್ಟರಲ್ಲಿ ಕೆಳಗಡೆ ವಾಸವಿದ್ದ ಮನೆ ಮಾಲೀಕ ಮೆಟ್ಟಿಲು ಹತ್ತಿ ಬಂದ.

"ಏನಮ್ಮಾ, ಇರ್ತೀಯೋ, ಮನೆ ಬಿಡ್ತೀಯೋ? ಕೇಳೋರು ಇದಾರೆ."

ಆ ಎರಡು ಕೋಣೆ ಬಿಟ್ಟರೆ ಅವಳಿಗೆ ಅಣ್ಣನ ಮನೆಯ ಹಜಾರದ ಮೂಲೆಯೇ ಗತಿ. ಅವಳು ಬಾಯಿ ತೆರೆಯುವ ಮೊದಲೇ ಅಧ್ಯಕ್ಷ ಗಂಟಲು ಸರಿಮಾಡಿಕೊಂಡ.

"ಬಿಡ್ತಾರೆ. ನೂಯಿಯಲ್ಲಿ ವಿಧವೆ ಗಂಡನ ಸೂರಿನ ಕೆಳಗೆ ಇರಲ್ಲ. ಮನೆ ನಮ್ಮ ಸಂಘಕ್ಕೇ ಕೊಡಿ. ಸ್ಮಾರಕ ಮಾಡ್ತೀವಿ."

ಮಾಲೀಕ ಪಿಳಿಪಿಳಿ ನೋಡಿದ. "ಇದ್ಯಾವ ಊರಿನ ಪದ್ಧತಿ?"

"ನಮ್ಮ ಒಲೆ ಮುಂದಿಂದು," ಎಂದಳು ಅವಳು.

"ಅತ್ತಿಗೆ, ನೀವು ಮಾತಾಡಬಾರದು."

"ಅದು ಹುಟ್ಟಿದಾಗ ನಾನು ಈರುಳ್ಳಿ ಹುರೀತಿದ್ದೆ. ನೂಯಿಯಲ್ಲಿ ಗಂಡ ಸತ್ರೆ ಹೆಂಡತಿ ಏನು ಮಾಡ್ಬೇಕು ಅಂತ ನಮ್ಮನೆಯವರು ಕೇಳಿದ್ರು. ನಿಮ್ಮ ಸಂಘದೋರು ಬಂದು ತಲೆ ತಿಂತಾರಲ್ಲ, ಅವರಿಗೆ ಉತ್ತರ ಕೊಡೋ ಕರ್ಮ ಅವಳಿಗೆ ಬೇಡ ಅಂದೆ. ನಕ್ಕರು. ಮೌನ ಬಂದಿದ್ದು ಹಾಗೆ. ಹಿರಿಯ ಗೆಳೆಯ, ಸೂರು, ಇವೆಲ್ಲ ನೀವು ಸೇರಿಸಿದ್ದು."

"ಮೊನ್ನೆ ಸಭೆಯಲ್ಲಿ ಬಹುಮತದಿಂದ..."

"ಇಲ್ಲದ ಊರಲ್ಲಿ ಬಹುಮತ."

ಗಂಡನ ಆ ನಗು ಹೇಗಿತ್ತು ಎಂದು ನೆನೆಯಲು ನೋಡಿದಳು. ಬರಲಿಲ್ಲ. ಮಾಲೀಕನ ಕಡೆ ತಿರುಗಿದಳು.

"ನಾನು ಇರ್ತೀನಿ. ಬಚ್ಚಲ ನಲ್ಲಿ ಸೋರ್ತಿದೆ, ಯಾರನ್ನಾದ್ರೂ ಕಳ್ಸಿ."

ಮೂವರೂ ಚಪ್ಪಲಿ ಮೆಟ್ಟಿದರು. ಅಧ್ಯಕ್ಷ ಬಾಗಿಲಲ್ಲಿ ತಿರುಗಿ ನೂಯಿ ಭಾಷೆಯಲ್ಲಿ ಏನೋ ಉದ್ದಕ್ಕೆ ಒದರಿದ. ಶಾಪವೇನೋ ಎಂದು ಮಾಲೀಕ ಹಿಂದೆ ಸರಿದ. ಶಾಪವಲ್ಲ, ದೋಣಿ ಬೀಳ್ಕೊಡುವ ಮಾತು. ಅದನ್ನೂ ನೆಟ್ಟಗೆ ಹೇಳಿರಲಿಲ್ಲ. ಗಂಡನಿಲ್ಲದ ಮೇಲೆ, ತಿದ್ದುವಷ್ಟು ಆ ಭಾಷೆ ಬಲ್ಲವಳು ಈಗ ಅವಳೊಬ್ಬಳೇ.

ತಿದ್ದಲಿಲ್ಲ.